ಯಕ್ಷಗಾನದ ಎಚ್‌ಡಿ ರೆಕಾರ್ಡಿಂಗ್ ಎಸ್‌ಡಿಗೆ ಇಳಿಸಲು ಹ್ಯಾಂಡ್‌ಬ್ರೇಕ್: ಸೆಟಿಂಗ್ ಸಮೇತ ವಿಮರ್ಶೆ

ಎಚ್‌ಡಿ ವಿಡಿಯೋವನ್ನು ಎಸ್‌ಡಿ (ಕಡಿಮೆ ಪಿಕ್ಸೆಲ್‌ಗಳ ಚಿಕ್ಕ ಚಿತ್ರ) ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಯಾರೇ ಕೇಳಿದರೂ ನಾನು ಹೇಳುವುದು ಹ್ಯಾಂಡ್‌ಬ್ರೇಕ್. ಪೂರ್ತಿ ಉಚಿತ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಚಿತ್ರದ ಮೇಲೆ ವಾಟರ್‌ಮಾರ್ಕ್ ಬೀಳುವುದಿಲ್ಲ, ಇಷ್ಟು ನಿಮಿಷ ದಾಟಿದರೆ ದುಡ್ಡು ಕೊಡಿ ಎಂಬ ಕಾಟವೂ ಇಲ್ಲ. 2003ರಲ್ಲಿ ಎರಿಕ್ ಪೆಟಿ ಎಂಬವರು ಬಿಓಎಸ್ ಎಂಬ ಸಿಸ್ಟಮ್‌ಗೆಂದು ಇದನ್ನು ಶುರು ಮಾಡಿದರು, 1.0 ಆವೃತ್ತಿ ಬಂದದ್ದು 2016ರ ಡಿಸೆಂಬರ್‌ನಲ್ಲಿ. ಅಷ್ಟು ವರ್ಷ ತಿದ್ದಿ ತೀಡಿದ್ದಾರೆ ಎಂಬುದು ಬಳಸುವಾಗ ಗೊತ್ತಾಗುತ್ತದೆ.

ನಾನು ಇದನ್ನು ಬಳಸುವುದು ಯಕ್ಷಗಾನದ ರೆಕಾರ್ಡಿಂಗ್‌ಗಳಿಗೆ. ಇಡೀ ರಾತ್ರಿಯ ಆಟವನ್ನು ಕ್ಯಾಮ್‌ಕಾರ್ಡರ್‌ನಲ್ಲಿ ಎವಿಸಿಎಚ್‌ಡಿ ಎಂಬ ಎಚ್‌ಡಿ ಮಾದರಿಯಲ್ಲಿ ತೆಗೆದರೆ, ಸೆಕೆಂಡಿಗೆ 24 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ ಹತ್ತು ಜಿಬಿಗಿಂತ ಜಾಸ್ತಿ ಜಾಗ ಬೇಕು. ಅದನ್ನು ಊರಿನ ಹಿರಿಯರಿಗೆ ಪೆನ್‌ಡ್ರೈವ್‌ನಲ್ಲಿ ಕೊಡಬೇಕು, ಅವರ ಮನೆಯ ಹಳೇ ಟಿವಿಯಲ್ಲಿ ಅದು ಓಡಬೇಕು. ಎಷ್ಟೋ ಹಳೇ ಟಿವಿಗಳು ಓದುವುದು ಎಫ್‌ಎಟಿ32 ಎಂಬ ಹಳೇ ವಿಧಾನದಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಮಾತ್ರ, ಅದರಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದೇ ಇಲ್ಲ. ಹಾಗಾಗಿ ಎಸ್‌ಡಿಗೆ ಇಳಿಸಲೇಬೇಕು. ಎಸ್‌ಡಿ ಅಂದರೆ ಮಸುಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾವು ನೋಡುವ ಮಸುಕು ಎಸ್‌ಡಿಗಳಲ್ಲಿ ಹೆಚ್ಚಿನವು ಸೆಟಿಂಗ್ ಸರಿಯಿಲ್ಲದೆ ಕೆಟ್ಟವು. ಯಕ್ಷಗಾನಕ್ಕೆ ಇದು ಇನ್ನೂ ಮುಖ್ಯ, ಯಾಕೆಂದರೆ ಕಂಪ್ರೆಶನ್‌ಗೆ ಕಷ್ಟವಾದ ಎಲ್ಲವೂ ಅಲ್ಲೇ ಇವೆ: ಕತ್ತಲ ಹಿನ್ನೆಲೆ, ಕಡುಗೆಂಪು ಬಣ್ಣ, ಮಿನುಗುವ ಆಭರಣ, ಗಿರಗಿರ ತಿರುಗುವ ದಿಗಿಣ.

ಮೊದಲು ನೋಡಬೇಕಾದ್ದು ಇಂಟರ್‌ಲೇಸ್. ನಮ್ಮ ಕಡೆ ಮಾರಾಟವಾದ ಕ್ಯಾಮ್‌ಕಾರ್ಡರ್‌ಗಳಲ್ಲಿ ತುಂಬಾ ಕಾಣುವ ಸೆಟಿಂಗ್ 1080ಐ, ಸೆಕೆಂಡಿಗೆ 50 ಫೀಲ್ಡ್ (ಅರ್ಧ ಫ್ರೇಮ್). ಅಂದರೆ ಒಂದು ಫ್ರೇಮ್‌ನಲ್ಲಿ ಎರಡು ಬೇರೆ ಬೇರೆ ಕ್ಷಣಗಳ ಗೆರೆಗಳು ಒಂದರ ನಡುವೆ ಒಂದು ಹೆಣೆದುಕೊಂಡಿರುತ್ತವೆ. ಇದನ್ನು ಬಿಡಿಸದೆ ಹಾಗೇ ಚಿಕ್ಕದು ಮಾಡಿದರೆ ಆ ಎರಡು ಕ್ಷಣಗಳು ಒಂದರ ಮೇಲೊಂದು ಕಲಸಿಹೋಗುತ್ತವೆ, ವೇಷಧಾರಿಯ ಕೈ ಎರಡೆರಡಾಗಿ ಕಾಣುತ್ತದೆ, ಆಮೇಲೆ ಯಾವ ಸಾಫ್ಟ್‌ವೇರ್ ತಂದರೂ ಸರಿಪಡಿಸಲು ಆಗುವುದಿಲ್ಲ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್ ಟ್ಯಾಬ್‌ನಲ್ಲಿ ಈ ಹೆಣಿಗೆ ಬಿಡಿಸುವ ಡಿಇಂಟರ್‌ಲೇಸ್ ಇದೆ. ಹೊಸ ಆವೃತ್ತಿಗಳಲ್ಲಿ ಬಿಡಬ್ಲ್ಯುಡಿಐಎಫ್ ಎಂಬುದು ಬಂದಿದೆ, ಹಳೆಯದರಲ್ಲಿ ಯಾಡಿಫ್ ಇದೆ, ಎರಡೂ ನಡೆಯುತ್ತವೆ. ಅದರ ಪ್ರೀಸೆಟ್‌ನಲ್ಲಿ ಬಾಬ್ ಆರಿಸಿ, ಫ್ರೇಮ್ ರೇಟ್ 50 ಎಂದು ನೀವೇ ಹಾಕಿ. ಆಗ ಪ್ರತಿ ಫೀಲ್ಡ್ ಒಂದು ಪೂರ್ತಿ ಫ್ರೇಮ್ ಆಗುತ್ತದೆ. ದಿಗಿಣ ನೋಡುವಾಗ 25ಕ್ಕೂ 50ಕ್ಕೂ ಇರುವ ವ್ಯತ್ಯಾಸ ಯಾರಿಗಾದರೂ ಕಣ್ಣಿಗೆ ಬೀಳುತ್ತದೆ. ಬರೀ ತಾಳಮದ್ದಳೆ ಆದರೆ 25 ಸಾಕು, ಅಲ್ಲಿ ಎಲ್ಲರೂ ಕೂತೇ ಇರುತ್ತಾರೆ. ಮೊಬೈಲ್‌ನಲ್ಲಿ ತೆಗೆದ ವಿಡಿಯೋಗಳಿಗೆ ಈ ಫಿಲ್ಟರ್ ಬೇಡ, ಆಫ್ ಮಾಡಿಬಿಡಿ.

ಇನ್ನು ಅಳತೆ. ಡೈಮೆನ್ಶನ್ಸ್ ಟ್ಯಾಬ್‌ನಲ್ಲಿ ರೆಸಲ್ಯೂಶನ್ ಲಿಮಿಟ್ ಅಂತ ಇದೆ. ಅಲ್ಲಿ 576ಪಿ ಎಂದು ಆರಿಸಿದರೆ ಅಗಲದ ಮಿತಿ 720 ಆಗುತ್ತದೆ, 16:9 ಚಿತ್ರಕ್ಕೆ ಚೌಕ ಪಿಕ್ಸೆಲ್ ಇಟ್ಟುಕೊಂಡರೆ ಎತ್ತರ 405ರ ಹತ್ತಿರ ಬಂದು ನಿಲ್ಲುತ್ತದೆ. 576 ಸಿಕ್ಕಿತು ಎಂದುಕೊಂಡವರಿಗೆ ಸಿಗುವುದು ಅದಕ್ಕಿಂತ ತುಂಬಾ ಕಡಿಮೆ! ಅದರ ಬದಲು ಕಸ್ಟಮ್ ಆರಿಸಿ 1024 × 576 ಹಾಕಿ, ಅನಾಮಾರ್ಫಿಕ್ (ಚಿತ್ರವನ್ನು ಅದುಮಿ ಇಟ್ಟು ತೋರಿಸುವಾಗ ಅಗಲಿಸುವುದು) ಆಫ್ ಮಾಡಿ. ಕೆಲವು ಹಳೇ ಟಿವಿಗಳಿಗೆ ಅನಾಮಾರ್ಫಿಕ್ ಲೆಕ್ಕ ಅರ್ಥವಾಗುವುದಿಲ್ಲ, ಕಿರೀಟ ವೇಷ ಬಡಕಲಾಗಿ ಕಾಣುತ್ತದೆ. 854 × 480 ಮಾಡಿದರೆ ಫೈಲ್ ಇನ್ನೂ ಚಿಕ್ಕದಾಗುತ್ತದೆ ನಿಜ, ಆದರೆ ಇಂಥ ವಿಡಿಯೋಗಳಲ್ಲಿ ಬಣ್ಣದ ವಿವರ ಉಳಿಯುವುದು ಅಗಲದಲ್ಲೂ ಎತ್ತರದಲ್ಲೂ ಅರ್ಧ ಮಾತ್ರ. ಕೆಂಪು ಬಟ್ಟೆಯ ಅಂಚು ಹರಡಿಕೊಂಡಂತೆ ಕಾಣುವುದು ಅದಕ್ಕೇ. ಯಕ್ಷಗಾನಕ್ಕೆ 576ಕ್ಕಿಂತ ಕೆಳಗೆ ಇಳಿಯಬೇಡಿ.

ಕ್ರಾಪಿಂಗ್, ಅಂದರೆ ಅಂಚು ಕತ್ತರಿಸುವುದು, ಅದನ್ನೂ ‘ನನ್’ (None, ಬೇಡ) ಎಂದು ಇಡಿ. ಅದು ಆಟೊಮ್ಯಾಟಿಕ್‌ನಲ್ಲಿ ಇದ್ದರೆ ಕಪ್ಪು ಅಂಚುಗಳನ್ನು ತಾನೇ ಕತ್ತರಿಸುತ್ತದೆ. ರಂಗಸ್ಥಳದ ಸುತ್ತ ಇರುವುದು ಕತ್ತಲೆ ಅಲ್ವಾ, ಅದನ್ನೂ ಅಂಚು ಎಂದುಕೊಳ್ಳುವ ಸಾಧ್ಯತೆ ಇದೆ.

ಈಗ ನಿಜವಾದ ವಿಷಯಕ್ಕೆ ಬರೋಣ. ವಿಡಿಯೋ ಟ್ಯಾಬ್‌ನಲ್ಲಿ ಎರಡು ದಾರಿಗಳಿವೆ. ಒಂದು, ಸರಾಸರಿ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್) ನೀವೇ ಹೇಳುವುದು. ಇನ್ನೊಂದು, ಕಾನ್ಸ್ಟಂಟ್ ಕ್ವಾಲಿಟಿ, ಅದನ್ನು ಆರ್‌ಎಫ್ ಎಂಬ ಸಂಖ್ಯೆಯಲ್ಲಿ ಹೇಳಬೇಕು. ಮೊದಲಿನದು ಎಷ್ಟು ಜನ ಬರುತ್ತಾರೆ ಎಂದು ವಿಚಾರಿಸದೆ ಊಟಕ್ಕೆ ಅಕ್ಕಿ ಅಳೆದಂತೆ: ಭಾಗವತರು ಕೂತು ಹಾಡುವ ಫೈಲ್‌ಗೆ ಬಿಟ್‌ಗಳು ಮಿಕ್ಕುತ್ತವೆ, ಯುದ್ಧದ ಫೈಲ್‌ಗೆ ಸಾಲುವುದಿಲ್ಲ. ಆರ್‌ಎಫ್‌ನಲ್ಲಿ ನೀವು ಹೇಳುವುದು ಚಿತ್ರ ಹೇಗಿರಬೇಕು ಎಂಬುದನ್ನು ಮಾತ್ರ, ಬಿಟ್ ಎಷ್ಟು ಬೇಕೋ ವಿಡಿಯೋ ಕುಗ್ಗಿಸುವ ಎನ್‌ಕೋಡರ್ ತಾನೇ ನೋಡಿಕೊಳ್ಳುತ್ತದೆ. ಸಂಖ್ಯೆ ಕಡಿಮೆಯಾದಷ್ಟು ಗುಣಮಟ್ಟ ಜಾಸ್ತಿ, ಫೈಲ್ ದೊಡ್ಡದು. ಎಸ್‌ಡಿಗೆ ಹ್ಯಾಂಡ್‌ಬ್ರೇಕ್‌ನವರೇ ಹೇಳುವ ವ್ಯಾಪ್ತಿ 18ರಿಂದ 22, 1080ಪಿಗೆ 20ರಿಂದ 24. ಎಸ್‌ಡಿಗೆ ಯಾಕೆ ಕಡಿಮೆ ಸಂಖ್ಯೆ ಎಂದರೆ, ಚಿಕ್ಕ ಚಿತ್ರವನ್ನು ದೊಡ್ಡ ಟಿವಿ ಹಿಗ್ಗಿಸಿ ತೋರಿಸುವಾಗ ತಪ್ಪುಗಳೂ ಹಿಗ್ಗುತ್ತವೆ. ನಾನು ಇಡುವುದು 20. ಗಂಟೆಗೆ ಸುಮಾರು ಒಂದು ಜಿಬಿ ಆಸುಪಾಸು ಬರುತ್ತದೆ, ಬೆಳಕು ಚೆನ್ನಾಗಿದ್ದರೆ ಇನ್ನೂ ಕಡಿಮೆ. ಹತ್ತು ಜಿಬಿ ಎಲ್ಲಿ, ಇದೆಲ್ಲಿ!

ಎನ್‌ಕೋಡರ್ ಎಕ್ಸ್264 ಇರಲಿ. ಎಕ್ಸ್265ರಲ್ಲಿ ಫೈಲ್ ಇನ್ನೂ ಚಿಕ್ಕದಾಗುತ್ತದೆ, ಆದರೆ ಹಳೇ ಟಿವಿ ಅದನ್ನು ಮುಟ್ಟುವುದೇ ಇಲ್ಲ. 10 ಬಿಟ್ ಎಂದು ಇರುವುದನ್ನೂ ಅದೇ ಕಾರಣಕ್ಕೆ ಬಿಡಿ. ಎನ್‌ಕೋಡರ್ ಪ್ರೀಸೆಟ್ ಸ್ಲೋಗೆ ಎಳೆಯಿರಿ, ಟ್ಯೂನ್‌ನಲ್ಲಿ ಫಿಲ್ಮ್ ಆರಿಸಿ. ಗ್ರಾಫಿಕ್ಸ್ ಕಾರ್ಡ್ ಬಳಸುವ ಎನ್‌ವಿಎನ್‌ಸಿ, ಕ್ವಿಕ್ ಸಿಂಕ್ ಎಲ್ಲ ತುಂಬಾ ವೇಗ, ಅನುಮಾನವಿಲ್ಲ. ಆದರೆ ಅಷ್ಟೇ ಗುಣಮಟ್ಟಕ್ಕೆ ಫೈಲ್ ದೊಡ್ಡದಾಗುತ್ತದೆ, ಫೈಲ್ ಚಿಕ್ಕದು ಮಾಡುವುದೇ ನಮ್ಮ ಉದ್ದೇಶ ಆಗಿರುವಾಗ ಅದು ಬೇಡ. ರಾತ್ರಿ ಕ್ಯೂಗೆ ಹಾಕಿ ಮಲಗಿ, ಬೆಳಿಗ್ಗೆ ಮುಗಿದಿರುತ್ತದೆ. ಕ್ಯೂ ವ್ಯವಸ್ಥೆ ನಿಜಕ್ಕೂ ಚೆನ್ನಾಗಿದೆ, ಒಂದು ಫೋಲ್ಡರ್ ಇಡೀ ಕೊಟ್ಟರೂ ಒಂದೊಂದಾಗಿ ಮುಗಿಸುತ್ತದೆ.

ರಾತ್ರಿ ತೆಗೆದ ವಿಡಿಯೋದಲ್ಲಿ ಕಪ್ಪು ಜಾಗದಲ್ಲೆಲ್ಲ ಕಾಳುಕಾಳಾಗಿ ನಾಯ್ಸ್ ಕುಣಿಯುತ್ತಿರುತ್ತದೆ. ಎನ್‌ಕೋಡರ್‌ಗೆ ಅದು ನಾಯ್ಸೋ ವೇಷವೋ ಗೊತ್ತಿಲ್ಲ, ಎಲ್ಲದಕ್ಕೂ ಬಿಟ್ ಸುರಿಯುತ್ತದೆ. ಡಿನಾಯ್ಸ್ ಫಿಲ್ಟರ್ ಅನ್ನು ಹಗುರವಾಗಿ, ಅಂದರೆ ಅಲ್ಟ್ರಾಲೈಟ್ ಅಥವಾ ಲೈಟ್ ಮಟ್ಟದಲ್ಲಿ ಹಾಕಿದರೆ ಫೈಲ್ ಎಷ್ಟೋ ಇಳಿಯುತ್ತದೆ. ಅದರಲ್ಲಿ ಎನ್‌ಎಲ್‌ಮೀನ್ಸ್ ಎಂಬ ವಿಧಾನ ಚೆನ್ನಾಗಿದೆ, ಆದರೆ ನಿಧಾನ. ಸ್ಟ್ರಾಂಗ್ ಮಾತ್ರ ಹಾಕಬೇಡಿ. ಬಣ್ಣದ ವೇಷದ ಮುಖದ ಮೇಲೆ ಗಂಟೆಗಟ್ಟಲೆ ಕೂತು ಇಟ್ಟ ಚಿಟ್ಟಿ (ಅಕ್ಕಿಹಿಟ್ಟಿನ ಚುಕ್ಕೆಗಳು) ಒರೆಸಿ ತೆಗೆದಂತೆ ಮಾಯವಾಗುತ್ತದೆ, ಕಲಾವಿದರ ಅಷ್ಟು ಹೊತ್ತಿನ ಶ್ರಮ ಅದು.

ಆಡಿಯೋದಲ್ಲಿ ಕಂಜೂಸ್ ಮಾಡುವವರನ್ನು ಕಂಡರೆ ನನಗೆ ಬೇಜಾರು. ಎಎಸಿ ಎಂಬ ಆಡಿಯೋ ಮಾದರಿಯಲ್ಲಿ ಸೆಕೆಂಡಿಗೆ 160 ಕಿಲೋಬಿಟ್ ಇಟ್ಟರೆ ಗಂಟೆಗೆ ಆಗುವುದು 72 ಎಂಬಿ ಅಷ್ಟೇ. ಅದನ್ನು 64ಕ್ಕೆ ಇಳಿಸಿ 40 ಎಂಬಿ ಚಿಲ್ಲರೆ ಉಳಿಸಲು ಹೋದರೆ ಚೆಂಡೆಯ ಪೆಟ್ಟು ಕೆಡುತ್ತದೆ. ಚೆಂಡೆಯ ಶಬ್ದ ಒಮ್ಮೆಲೇ ಏಳುವಂಥದ್ದು, ಬಿಟ್ ಕಡಿಮೆಯಾದಾಗ ಆ ಪೆಟ್ಟಿನ ಮೊನೆ ಕರಗಿ ಚರಚರ ಎಂಬ ಸದ್ದು ಸುತ್ತ ಅಂಟಿಕೊಳ್ಳುತ್ತದೆ. ಪದ, ಚೆಂಡೆ, ಮದ್ದಳೆ ಕೇಳಲೆಂದೇ ಕೂರುವವರು ಎಷ್ಟು ಜನ ಇದ್ದಾರೆ!

ಇಡೀ ಆಟ ಓಡಿಸುವ ಮೊದಲು ಸಮ್ಮರಿ ಟ್ಯಾಬ್ ಮೇಲಿನ ರೇಂಜ್‌ನಲ್ಲಿ ಸೆಕೆಂಡ್ಸ್ ಆರಿಸಿ, ಅತಿ ಜೋರು ಕುಣಿತ ಇರುವ ಒಂದು ನಿಮಿಷ ಮಾತ್ರ ಮಾಡಿ ನೋಡಿ. ಟಿವಿಯಲ್ಲೇ ನೋಡಿ, ಲ್ಯಾಪ್‌ಟಾಪ್‌ನಲ್ಲಿ ಅಲ್ಲ. ಸರಿಬಂದರೆ ಅದೇ ಸೆಟಿಂಗ್ ಅನ್ನು ಒಂದು ಪ್ರೀಸೆಟ್ ಆಗಿ ಉಳಿಸಿಕೊಳ್ಳಿ.

ಕೊರತೆಗಳೂ ಇವೆ. ದೊಡ್ಡದು, ಇದು ಫೈಲ್‌ಗಳನ್ನು ಜೋಡಿಸುವುದಿಲ್ಲ. ಕ್ಯಾಮ್‌ಕಾರ್ಡರ್ ಉದ್ದದ ರೆಕಾರ್ಡಿಂಗನ್ನು ತುಂಡು ತುಂಡಾಗಿ ಬರೆಯುತ್ತದೆ, ಒಂದು ಪದದ ಮಧ್ಯದಲ್ಲೇ ಫೈಲ್ ಕಡಿದಿರುತ್ತದೆ. ಕ್ಯಾಮೆರಾದ ಜೊತೆ ಬರುವ ಸಾಫ್ಟ್‌ವೇರ್‌ನಲ್ಲೋ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲೋ ಮೊದಲೇ ಜೋಡಿಸಿಕೊಂಡು ಬರಬೇಕು, ಅದೂ ಇಳಿಸಿದ ಮೇಲೆ 4 ಜಿಬಿ ಮೀರದಷ್ಟನ್ನು ಮಾತ್ರ. ಆರ್‌ಎಫ್ ಹಾಕಿದರೆ ಫೈಲ್ ಎಷ್ಟಾಗುತ್ತದೆ ಎಂದು ಮೊದಲೇ ಹೇಳಲು ಅದಕ್ಕೆ ಆಗುವುದಿಲ್ಲ. ಇಷ್ಟೇ ಎಂಬಿಗೆ ಕೂರಿಸಲೇಬೇಕು ಎಂಬ ಸಂದರ್ಭದಲ್ಲಿ ಮಾತ್ರ ಸರಾಸರಿ ಬಿಟ್‌ರೇಟ್ ಮತ್ತು ಮಲ್ಟಿ ಪಾಸ್ (ಮೊದಲು ಒಮ್ಮೆ ಪೂರ್ತಿ ನೋಡಿ ಆಮೇಲೆ ಬಿಟ್ ಹಂಚುವುದು) ಬಳಸಿ. ಡಿವಿಡಿ ಪ್ಲೇಯರ್‌ನಲ್ಲಿ ಓಡುವ ಡಿಸ್ಕ್ ಇದರಲ್ಲಿ ತಯಾರಾಗುವುದಿಲ್ಲ, ಅದಕ್ಕೆ ಡಿವಿಡಿಸ್ಟೈಲರ್ ಥರದ್ದು ಬೇರೆ ಬೇಕು. ಟ್ಯಾಬ್‌ಗಳು ಜಾಸ್ತಿ, ಹೊಸಬರಿಗೆ ಮೊದಲ ದಿನ ಗಾಬರಿ ಆಗಬಹುದು.

ಡೌನ್‌ಲೋಡ್ ಮಾಡುವಾಗ ಹ್ಯಾಂಡ್‌ಬ್ರೇಕ್ ಡಾಟ್ ಎಫ್‌ಆರ್ ಎಂಬ ಅವರದೇ ತಾಣದಿಂದ ಮಾತ್ರ ಮಾಡಿ, ಹುಡುಕಿದಾಗ ಮೊದಲು ಸಿಕ್ಕ ಜಾಹೀರಾತು ಒತ್ತಬೇಡಿ. 2017ರ ಮೇ ಮೊದಲ ವಾರದಲ್ಲಿ ಅವರ ಒಂದು ಮಿರರ್ ಸರ್ವರ್‌ಗೇ (ಡೌನ್‌ಲೋಡ್ ಫೈಲ್‌ಗಳ ನಕಲು ಇಟ್ಟಿರುವ ಸರ್ವರ್) ಯಾರೋ ನುಗ್ಗಿ, ಮ್ಯಾಕ್ ಆವೃತ್ತಿಯ ಜಾಗದಲ್ಲಿ ಪ್ರೋಟಾನ್ ಎಂಬ ಮಾಲ್‌ವೇರ್ ಇದ್ದ ಫೈಲ್ ಇಟ್ಟಿದ್ದರು. ಹ್ಯಾಂಡ್‌ಬ್ರೇಕ್‌ನವರು ಅದನ್ನು ಬಚ್ಚಿಡದೆ ಎಚ್ಚರಿಕೆ ಪ್ರಕಟಿಸಿದರು. ತಾಣದಲ್ಲಿ ಪ್ರತಿ ಆವೃತ್ತಿಗೂ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಎಂದು ಪರೀಕ್ಷಿಸುವ ಸಂಕೇತ) ಕೊಟ್ಟಿರುತ್ತಾರೆ, ಇನ್‌ಸ್ಟಾಲ್ ಮಾಡುವ ಮೊದಲು ಅದನ್ನು ತಾಳೆ ನೋಡಿ.