ಓವೆನ್ ಕವಿತೆಗಳ ನೋಟ್ಸ್: ವಿಷಾನಿಲದ ಪುಟಗಳು ಗಟ್ಟಿ, ಪ್ರಾಸದ ಪುಟ ಸಡಿಲ

ದಾವಣಗೆರೆಯ ಕಾಲೇಜುಗಳ ಆಸುಪಾಸಿನ ಜೆರಾಕ್ಸ್ ಅಂಗಡಿಯಲ್ಲಿ ಪದವಿ ಇಂಗ್ಲಿಷಿಗೆಂದು ಸಿಗುವ ಈ ಸ್ಪೈರಲ್ ನೋಟ್ಸ್, ಮೊದಲ ಮಹಾಯುದ್ಧದ ಇಂಗ್ಲಿಷ್ ಸೈನಿಕ-ಕವಿ ವಿಲ್ಫ್ರೆಡ್ ಓವೆನ್‌ನ ಯುದ್ಧಕವಿತೆಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತದೆ.

ವಿಷಾನಿಲ ದಾಳಿಯ ಕವಿತೆ ‘ಡಲ್ಸೆ ಎಟ್ ಡೆಕೋರಮ್ ಎಸ್ಟ್’ ಬಗೆಗಿನ ಪುಟಗಳಿಗೇ ಕೊಟ್ಟ ಕಾಸು ಸಾರ್ಥಕ. ಕ್ಲೋರಿನ್ ಶ್ವಾಸಕೋಶವನ್ನು ಸುಟ್ಟಾಗ ಒಳಗೆ ನೀರು ತುಂಬುತ್ತದೆ. ಸೈನಿಕ ಒಣನೆಲದ ಮೇಲೇ ಮುಳುಗುತ್ತಾನೆ. ಹಾಗಾಗಿ ಅಲ್ಲಿಯ ‘ಮುಳುಗುವಿಕೆ’ ಬರೀ ಅಲಂಕಾರವಲ್ಲ ಎಂದು ಸರಿಯಾಗಿ ತೋರಿಸಿದ್ದಾರೆ. ಕವಿತೆಯಲ್ಲಿ ಬರುವ ಹಸಿರು ಕಡಲಿನ ಹೋಲಿಕೆಯನ್ನು ಮಾತ್ರ ಅನಿಲದ ಬಣ್ಣಕ್ಕಷ್ಟೇ ಕಟ್ಟಿದ್ದಾರೆ. ಅನಿಲ ತಡೆಯುವ ಮುಖವಾಡದ ಮಬ್ಬು ಗಾಜಿನ ಮೂಲಕ ನೋಡುತ್ತಿರುವವನ ಅಸಹಾಯಕತೆ ಬಿಟ್ಟುಹೋಗಿದೆ. 28 ಸಾಲುಗಳ ನಡುವೆ ಒಂಟಿಯಾಗಿ ನಿಂತ ಕನಸಿನ ಎರಡು ಸಾಲನ್ನೂ ಹಾರಿಸಿದ್ದಾರೆ, ಇದು ದೊಡ್ಡ ಲೋಪ. ಕ್ರಿಯಾಪದ ಭೂತಕಾಲದಿಂದ ವರ್ತಮಾನಕ್ಕೆ ಹೊರಳುವುದು ಅಲ್ಲೇ. ದಾಳಿ ಮುಗಿದರೂ ಮನಸ್ಸಿನಲ್ಲಿ ಮುಗಿದಿಲ್ಲ.

‘ಸ್ಟ್ರೇಂಜ್ ಮೀಟಿಂಗ್’ ಕವಿತೆಯ ಅರೆಪ್ರಾಸಕ್ಕೆ ಕೊಟ್ಟ ‘ಕಾಲು–ಕೀಲು’ ಉದಾಹರಣೆ ಅರ್ಧ ಮಾತ್ರ ಸರಿ. ವ್ಯಂಜನ ಉಳಿದು ಸ್ವರ ಬದಲಾಗುವುದು ನಿಜ. ಆದರೆ ಸಾಲುಗಳ ಎರಡನೇ ಅಕ್ಷರದ ವ್ಯಂಜನ ಹೊಂದುವ ದ್ವಿತೀಯಾಕ್ಷರ ಪ್ರಾಸಕ್ಕೆ ಪಳಗಿದ ಕನ್ನಡದ ಕಿವಿಗೆ ಅದು ತುಂಬು ಪ್ರಾಸದಂತೆಯೇ ಕೇಳುತ್ತದೆ. ಪೂರ್ಣ ಅಂತ್ಯಪ್ರಾಸ ಕಾಯುವ ಇಂಗ್ಲಿಷ್ ಕಿವಿಗೆ ಮೆಟ್ಟಿಲು ತಪ್ಪಿದಂತಾಗುತ್ತದೆ, ಕವಿಗೆ ಬೇಕಾದದ್ದು ಆ ಮುಗ್ಗರಿಕೆ. ಇದನ್ನು ಹೇಳದೆ ‘ವಿಶಿಷ್ಟ ಪ್ರಾಸ’ ಎಂದು ಬರೆಸಿದರೆ ಉತ್ತರ ಪೊಳ್ಳಾಗುತ್ತದೆ.

ಕಂದಕದ ಚಳಿಯ ‘ಎಕ್ಸ್‌ಪೋಷರ್’ಗೆ ಒಂದೇ ಪುಟ, ಸಾಲದು. ಮೂಲ ಕವಿತೆಗಳನ್ನು ಅಚ್ಚು ಹಾಕಿಲ್ಲ. ಪಠ್ಯಪುಸ್ತಕ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.