ಬ್ರಿಟನ್ನಿನ ಕಾಡು ಥೈಮ್: ನೆಲಹಾಸಿಗೆ ಯಾವುದು, ಅಡುಗೆಗೆ ಯಾವುದು?

ಥೈಮ್ ಅಂದರೆ ಅಡುಗೆಗೂ ಬಳಸುವ, ಘಮಘಮಿಸುವ ಎಲೆಯ ಸಣ್ಣ ಗಿಡ. ನರ್ಸರಿಯಲ್ಲಿ ಕಾಡು ಥೈಮ್ ಎಂಬ ಚೀಟಿ ನೋಡಿ ಕೊಳ್ಳಬೇಡಿ, ಆ ಹೆಸರಿನಲ್ಲಿ ಮೂರು ಪ್ರಭೇದಗಳಿವೆ: ಥೈಮಸ್ ಪಾಲಿಟ್ರೈಕಸ್, ಥೈಮಸ್ ಪುಲೆಜಿಯಾಯ್ಡಿಸ್, ಥೈಮಸ್ ಸರ್ಪಿಲ್ಲಮ್. ಹೂ ಬಿಡುವ ದಂಟನ್ನು ಭೂತಗನ್ನಡಿಯಲ್ಲಿ ನೋಡಿ, ಗುರುತು ಅಲ್ಲಿದೆ. ಪಾಲಿಟ್ರೈಕಸ್‌ನ ದಂಟಿನಲ್ಲಿ ಎದುರುಬದುರಾದ ಎರಡು ಮುಖಗಳ ಮೇಲೆ ದಟ್ಟ ರೋಮ, ಉಳಿದೆರಡು ಹೆಚ್ಚುಕಡಿಮೆ ಬೋಳು. ಪುಲೆಜಿಯಾಯ್ಡಿಸ್‌ನದು ಚೂಪು ಚೌಕದ ದಂಟು. ಉದ್ದನೆಯ ರೋಮ ಅಂಚುಗಳಲ್ಲಷ್ಟೇ. ಸರ್ಪಿಲ್ಲಮ್‌ಗೆ ಸುತ್ತಲೂ ರೋಮ. ಇದು ಬ್ರಿಟನ್ನಿನಲ್ಲಿ ಪೂರ್ವ ಇಂಗ್ಲೆಂಡಿನ ಬ್ರೆಕ್‌ಲೆಂಡ್ ಮರಳುನೆಲಕ್ಕೆ ಸೀಮಿತವಾದ ಗಿಡ, ಅದನ್ನು ಕಾಡಿನಿಂದ ಕೀಳಲೇಬಾರದು.

ಕಲ್ಲುಚಪ್ಪಡಿಗಳ ಸಂದಿಗೆ ಪಾಲಿಟ್ರೈಕಸ್ ಒಳ್ಳೆಯದು. ನೆಲಕ್ಕಂಟಿ ಹರಡುತ್ತ, ಹೋದಲ್ಲೆಲ್ಲ ಬೇರು ಬಿಟ್ಟು ಚಾಪೆಯಾಗುತ್ತದೆ. ಅಡುಗೆಗಾದರೆ ನಾನು ಪುಲೆಜಿಯಾಯ್ಡಿಸ್ ಆರಿಸುತ್ತೇನೆ: ಎಲೆ ದೊಡ್ಡದು, ಗಿಡ ಪೊದೆಯಂತೆ ಎದ್ದು ನಿಲ್ಲುತ್ತದೆ, ಕೊಯ್ಯಲು ಸುಲಭ, ಘಮವೂ ಗಾಢ. ಆದರೆ ಒಂದೇ ಪ್ರಭೇದದಲ್ಲೂ ಘಮ ಕೊಡುವ ಎಲೆಯೆಣ್ಣೆಯ ರಚನೆ ಬೇರೆ ಬೇರೆ; ಒಂದು ಗಿಡ ಕಟುವಾಗಿದ್ದರೆ ಪಕ್ಕದ್ದು ನಿಂಬೆಯ ವಾಸನೆ ಕೊಡಬಹುದು. ಎಲೆ ಉಜ್ಜಿ ಮೂಸಿಯೇ ಕೊಳ್ಳಿ.

ಹೂವಿನ ಸೊಬಗು ಬೇಕಿದ್ದರೆ ಇನ್ನೊಂದು ಮಾತು. ಕೆಲವು ಗಿಡಗಳು ಬರೀ ಹೆಣ್ಣು, ಅವುಗಳ ಹೂ ಚಿಕ್ಕದು. ದ್ವಿಲಿಂಗಿ ಗಿಡಗಳದು ದೊಡ್ಡದು.

ಎರಡು ಪ್ರಭೇದ ಬೆರೆತು ಹುಟ್ಟಿದ ಸಂಕರ ಗಿಡಗಳೂ ಇರುತ್ತವೆ. ಅವುಗಳಲ್ಲಿ ದಂಟಿನ ರೋಮ, ಎಲೆಯ ಅಗಲ ಎರಡೂ ತಂದೆತಾಯಿಗಳ ನಡುವೆ ಎಲ್ಲೋ ನಿಲ್ಲುತ್ತವೆ. ಹೆಸರು ಹೇಳುವುದು ಬಲ್ಲವರಿಗೂ ಕಷ್ಟ. ಮೆಚ್ಚಿದ ಸಂಕರವನ್ನು ಬೀಜದಿಂದ ಬೆಳೆಸಬೇಡಿ, ಮರಿಗಳು ತಾಯಿಯಂತಿರುವುದಿಲ್ಲ. ಕಡ್ಡಿ ನೆಟ್ಟು ಬೆಳೆಸಿ.