ಹಳೆ ಸ್ಪಿಟ್‌ಫೈರ್‌ಗೆ ಕ್ವಿಕ್ ರ‍್ಯಾಕ್ ಹಾಕಿಸುವ ಮುಂಚೆ ಟ್ರನಿಯನ್‌ಗೆ ಎಣ್ಣೆ ಹಾಕಿ ನೋಡಿ

ಸ್ಟೀರಿಂಗ್ ಭಾರ, ನೇರ ರಸ್ತೆಯಲ್ಲೂ ಕಾರು ಅತ್ತಿತ್ತ ಅಲೆಯುತ್ತದೆ. ಈ ಎರಡು ದೂರಿದ್ದ ಒಂದು ಟ್ರಯಂಫ್ ಸ್ಪಿಟ್‌ಫೈರ್ 1500 ಎಂಬ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಒಂದರ ಹಿಂದೊಂದು ಅಪ್‌ಗ್ರೇಡ್ ಆದವು. ಮೊದಲು ಕ್ವಿಕ್ ರ‍್ಯಾಕ್, ಅಂದರೆ ವೀಲ್ ಕಡಿಮೆ ಸುತ್ತಿದರೂ ಚಕ್ರವನ್ನು ಅಷ್ಟೇ ತಿರುಗಿಸುವ ಹಲ್ಲುಸರಳು, ಜೊತೆಗೆ ಅದನ್ನು ಹಿಡಿದಿಡುವ ಅಲ್ಯೂಮಿನಿಯಂ ಮೌಂಟ್. ಆಮೇಲೆ ಚಿಕ್ಕ ಸ್ಟೀರಿಂಗ್ ವೀಲ್. ಅದನ್ನು ತಿರುಗಿಸಿ ಕೈ ಸೋತಾಗ ಕಾಲಮ್ಮಿಗೆ, ಅಂದರೆ ವೀಲಿನಿಂದ ಕೆಳಗಿಳಿಯುವ ಸ್ಟೀರಿಂಗ್ ಕಂಬಿಗೆ, ತಿರುಗಿಸಲು ನೆರವಾಗುವ ಎಲೆಕ್ಟ್ರಿಕ್ ಮೋಟಾರು. ಇಷ್ಟೆಲ್ಲ ಖರ್ಚಾದ ಮೇಲೆ ಕಾರು ಮೊದಲಿಗಿಂತ ಅಪಾಯಕಾರಿಯಾಗಿತ್ತು, ಮೂಲ ತೊಂದರೆ ಮಾತ್ರ ಇದ್ದಲ್ಲೇ ಇತ್ತು.

ಮುಂಭಾಗ ಬಿಚ್ಚಿದಾಗ ಸಿಕ್ಕ ಕಾರಣ ಟ್ರನಿಯನ್. ಸ್ಪಿಟ್‌ಫೈರ್‌ನಲ್ಲಿ ಮುಂದಿನ ಚಕ್ರವನ್ನು ಹೊರುವ ವರ್ಟಿಕಲ್ ಲಿಂಕಿನ ಕೆಳತುದಿಗೆ ಮರೆ (ಸ್ಕ್ರೂವಿನಂಥ ಸುತ್ತು) ಇರುತ್ತದೆ, ಅದು ಹಿತ್ತಾಳೆ ಬಣ್ಣದ ಟ್ರನಿಯನ್ ಒಳಗೆ ಕೂತಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಲಿಂಕು ಆ ಮರೆಯ ಮೇಲೇ ತಿರುಗಬೇಕು. ಅಲ್ಲಿಗೆ ಹೋಗಬೇಕಾದ್ದು ಇಪಿ90 ಗೇರ್ ಆಯಿಲ್, ಗ್ರೀಸ್ ಅಲ್ಲ. ಈ ಕಾರಿಗೆ ಯಾರೋ ವರ್ಷಗಟ್ಟಲೆ ಗ್ರೀಸ್ ತುಂಬಿದ್ದರು. ಅದು ಒಣಗಿ ಮೇಣದ ಹಾಗೆ ಗಟ್ಟಿಯಾಗಿ ಮೇಲಿನ ಸುತ್ತುಗಳಲ್ಲೇ ನಿಂತಿತ್ತು. ಕೆಳಗಿನ ಸುತ್ತುಗಳಲ್ಲಿ ನೀರು ಸೇರಿ, ಲಿಂಕಿನ ಉಕ್ಕು ಕೆಂಪು ಪುಡಿಯಾಗಿ ಉದುರುತ್ತಿತ್ತು. ಸ್ಟೀರಿಂಗ್ ಭಾರವಾದದ್ದು ಇದರಿಂದಲೇ. ತುಕ್ಕು ಇನ್ನೂ ಒಳಗೆ ಹೋಗಿದ್ದರೆ ಲಿಂಕು ಅಲ್ಲೇ ತುಂಡಾಗಿ ಚಕ್ರ ಮಡಚಿಕೊಳ್ಳುತ್ತಿತ್ತು. ಸ್ಪಿಟ್‌ಫೈರ್ ಬಲ್ಲವರು ಹೆದರುವುದು ಇದೊಂದಕ್ಕೇ.

ಈಗ ಹಾಕಿದ ಭಾಗಗಳ ವಿಷಯ. ಮೂಲ ರ‍್ಯಾಕ್‌ನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಮೂರೂಮುಕ್ಕಾಲು ಸುತ್ತು. ಕ್ವಿಕ್ ರ‍್ಯಾಕ್ ಅದನ್ನು ಮೂರಕ್ಕೆ ಇಳಿಸಿತು ಅಂದರೆ ಪ್ರತಿ ತಿರುವಿಗೆ ಬೇಕಾದ ಬಲ ಶೇ 25 ಏರಿತು. 380 ಮಿಮೀ ವೀಲ್ ತೆಗೆದು 330 ಮಿಮೀ ಹಾಕಿದರೆ ಅದರ ಮೇಲೆ ಇನ್ನೂ ಶೇ 15. ಎರಡೂ ಗುಣಿಸಿದರೆ ಒಟ್ಟು ಶೇ 44 ಹೆಚ್ಚು ಭಾರ. ಭಾರ ಅಂತ ದೂರಿದ್ದ ಕಾರಿಗೆ ಈ ಎರಡನ್ನೂ ಸೂಚಿಸಿದವರು ಈ ಗುಣಾಕಾರ ಮಾಡಿಯೇ ಇರಲಿಲ್ಲ.

ಕಾರು ಅಲೆಯುತ್ತಿದ್ದದ್ದು ರ‍್ಯಾಕ್ ಸವೆದು ಅಲ್ಲ, ರ‍್ಯಾಕನ್ನು ಹಿಡಿದಿದ್ದ ರಬ್ಬರಿನಿಂದ. ಈ ಕಾರಿನಲ್ಲಿ ರ‍್ಯಾಕ್ ಎರಡು ಯು-ಬೋಲ್ಟುಗಳ ಕೆಳಗೆ ರಬ್ಬರಿನ ಮೇಲೆ ಕೂತಿರುತ್ತದೆ. ಎಂಜಿನ್ ಆಯಿಲ್ ಸೋರಿ ಬಿದ್ದು ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೆ ಮೊದಲು ರ‍್ಯಾಕೇ ಪಕ್ಕಕ್ಕೆ ಜರಗುತ್ತದೆ, ಚಕ್ರ ಆಮೇಲೆ ತಿರುಗುತ್ತದೆ. ಹೊಸ ರಬ್ಬರು ಹಾಕಿದರೂ ಯು-ಬೋಲ್ಟುಗಳನ್ನು ಹೊರಮುಖವಾಗಿ ಒತ್ತಿ, ರಬ್ಬರು ಅದುಮಿಕೊಂಡ ಮೇಲೆಯೇ ನಟ್ಟು ಬಿಗಿಯಬೇಕು. ಸುಮ್ಮನೆ ಇಟ್ಟು ಬಿಗಿದರೆ ರ‍್ಯಾಕ್ ಮತ್ತೆ ಜರಗುತ್ತದೆ.

ಅಲ್ಯೂಮಿನಿಯಂ ಮೌಂಟ್ ಹಾಕಿದ್ದರಿಂದ ಜರಗುವುದು ನಿಂತಿತು, ನಿಜ. ಆದರೆ ಪಿನಿಯನ್ ಶಾಫ್ಟು (ವೀಲಿನ ತಿರುಗನ್ನು ಹಲ್ಲುಸರಳಿಗೆ ದಾಟಿಸುವ ದಂಡ) ಕಾಲಮ್ಮಿಗೆ ಸರಿಯಾಗಿ ಕೂಡಲಿಲ್ಲವೆಂದು ಒಂದು ಬದಿಗೆ ವಾಷರ್ ಕೊಟ್ಟು 4 ಮಿಮೀ ಎತ್ತರಿಸಿದ್ದರು. ಚಕ್ರ ಮೇಲೆ ಕೆಳಗೆ ಆಡುವಾಗ, ಹಲ್ಲುಸರಳನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಬರೆಯುವ ಕಮಾನು, ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳಾದ ವಿಶ್‌ಬೋನಿನ ಕಮಾನಿಗೆ ಹೊಂದಬೇಕು. ರ‍್ಯಾಕಿನ ಎತ್ತರ ಬದಲಾದರೆ ಆ ಹೊಂದಾಣಿಕೆ ತಪ್ಪುತ್ತದೆ. ಇಲ್ಲಿ ಒಂದೇ ಬದಿ ಏರಿದ್ದರಿಂದ ಪ್ರತಿ ಉಬ್ಬಿಗೂ ಎರಡು ಚಕ್ರ ಬೇರೆ ಬೇರೆ ಪ್ರಮಾಣದಲ್ಲಿ ತಿರುಗಿ ಕಾರು ಹಠಾತ್ತನೆ ಪಕ್ಕಕ್ಕೆ ಎಳೆಯುತ್ತಿತ್ತು. ನಿಂತ ಕಾರಿನ ಅಲೈನ್‌ಮೆಂಟ್ ಯಂತ್ರದಲ್ಲಿ ಇದು ಕಾಣುವುದೇ ಇಲ್ಲ. ಸ್ಪ್ರಿಂಗ್ ತೆಗೆದು, ಹಬ್ಬಿಗೆ ನೇರವಾದ ಹಲಗೆ ಕಟ್ಟಿ, ಜ್ಯಾಕಿನಿಂದ 10 ಮಿಮೀ 10 ಮಿಮೀ ಎತ್ತುತ್ತಾ ಹಲಗೆಯ ಎರಡು ತುದಿಯೂ ಪಕ್ಕದ ಒಂದು ಸ್ಥಿರ ಗೆರೆಯಿಂದ ಎಷ್ಟು ದೂರ ಅಂತ ಬರೆದುಕೊಂಡರೆ ಮಾತ್ರ ತಿಳಿಯುತ್ತದೆ.

ಎಲೆಕ್ಟ್ರಿಕ್ ಮೋಟಾರಿನ ಲೆಕ್ಕ ಇನ್ನೂ ಕೆಟ್ಟದು. ನಿಂತಲ್ಲೇ ತಿರುಗಿಸುವಾಗ ಇಂಥ ಮೋಟಾರು ಕ್ಷಣಮಾತ್ರಕ್ಕೆ 30–40 ಆಂಪಿಯರ್ ಎಳೆಯಬಹುದು. ಲೂಕಾಸ್ 16ಎಸಿಆರ್ ಆಲ್ಟರ್ನೇಟರ್ ಪೂರ್ತಿ ವೇಗದಲ್ಲಿ ಕೊಡುವುದೇ 34 ಆಂಪಿಯರ್, ಐಡಲ್‌ನಲ್ಲಿ ಅದಕ್ಕಿಂತ ಬಹಳ ಕಡಿಮೆ. ರಾತ್ರಿ ಪಾರ್ಕ್ ಮಾಡುವಾಗ ಹೆಡ್‌ಲೈಟು ಕಂದುತ್ತಿದ್ದದ್ದು ಅದಕ್ಕೇ. ವೇಗದ ಸಿಗ್ನಲ್ ಕೊಡದೆ ಬರೀ ತಿರುಗುಗುಂಡಿ ಇಟ್ಟಿದ್ದರಿಂದ, ಪಾರ್ಕಿಂಗಿಗೆ ಹಿತವಾದ ಸಹಾಯವೇ ಹೆದ್ದಾರಿಯಲ್ಲೂ ಬರುತ್ತಿತ್ತು. ತಿರುವು ಮುಗಿದ ಮೇಲೆ ವೀಲ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಇದೆಲ್ಲಕ್ಕಿಂತ ಗಂಭೀರವಾದದ್ದು, ಮೋಟಾರು ಕೂರಿಸಲು ಕಾಲಮ್ಮನ್ನು ಕತ್ತರಿಸಿ ವೆಲ್ಡ್ ಮಾಡಿದ್ದು. ಮೂಲ ಕಾಲಮ್ ಡಿಕ್ಕಿಯಾದಾಗ ಒಂದರೊಳಗೊಂದು ಜಾರಿ ಕುಗ್ಗಬೇಕು. ವೆಲ್ಡ್ ಆದ ಮೇಲೆ ಅದು ಎದೆಗೆ ಚುಚ್ಚುವ ಸಲಾಕೆ.

ಹಾಗಾದರೆ ಮೊದಲು ಏನು ನೋಡಬೇಕು? ಚಕ್ರ ನೆಲದ ಮೇಲಿರುವಾಗಲೇ ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಲಿ. ಇನ್ನೊಬ್ಬರು ಬಾನೆಟ್ ಎತ್ತಿ ರ‍್ಯಾಕ್ ಟ್ಯೂಬು, ಕಾಲಮ್ಮಿನ ಕೆಳಗಿನ ರಬ್ಬರ್ ಕಪ್ಲಿಂಗ್, ಟೈ ರಾಡ್ ತುದಿಗಳ ಮೇಲೆ ಬೆರಳಿಟ್ಟು ಸಡಿಲ ಹುಡುಕಲಿ. ಕಣ್ಣಿಗೆ ಕಾಣದ ಆಟ ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಮುಂಭಾಗ ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ಟೈ ರಾಡ್ ಕಳಚಿ, ಪ್ರತಿ ಚಕ್ರವನ್ನು ಕೈಯಿಂದ ಎಡಬಲಕ್ಕೆ ತಿರುಗಿಸಿ. ಆಗಲೂ ಭಾರವಿದ್ದರೆ ದೋಷ ಟ್ರನಿಯನ್ನಿನಲ್ಲೋ ಮೇಲಿನ ಬಾಲ್ ಜಾಯಿಂಟಿನಲ್ಲೋ ಇದೆ, ರ‍್ಯಾಕನ್ನು ಮುಟ್ಟಬೇಡಿ. ಟ್ರನಿಯನ್ನಿನ ಪ್ಲಗ್ ತೆಗೆದು ನಿಪ್ಪಲ್ ಹಾಕಿ, ಚಕ್ರ ಎತ್ತಿರುವಾಗಲೇ ಇಪಿ90 ಪಂಪ್ ಮಾಡಿ. ಮೇಲಿನ ಸೀಲಿನಿಂದ ಎಣ್ಣೆ ಹೊರಬರುವ ತನಕ ನಿಲ್ಲಿಸಬೇಡಿ. ಎಣ್ಣೆ ಕೆಂಪಗೆ ಬಂದರೆ ಲಿಂಕನ್ನು ಬಿಚ್ಚಿ ಮರೆ ನೋಡದೆ ಆ ಕಾರನ್ನು ರಸ್ತೆಗೆ ತರಬೇಡಿ.

ಇದೆಲ್ಲ ಸರಿಯಿದ್ದೂ ಕ್ವಿಕ್ ರ‍್ಯಾಕ್ ಬೇಕೆನಿಸಿದರೆ ಹಾಕಿಸಿ, ತಪ್ಪೇನಿಲ್ಲ. ಆದರೆ ದೊಡ್ಡ ವೀಲನ್ನೇ ಉಳಿಸಿಕೊಳ್ಳಿ, ಮುಂದಿನ ಟೈರನ್ನು ಅಗಲ ಮಾಡಬೇಡಿ, ಕಾಲಮ್ಮಿಗೆ ಗರಗಸ ಮುಟ್ಟಿಸಬೇಡಿ. ಜೋಡಿಸಿದ ಮೇಲೆ ಚಕ್ರವನ್ನು ಪೂರ್ತಿ ಇಳಿಬಿಟ್ಟು, ಎರಡೂ ತುದಿಗೆ ತಿರುಗಿಸಿ, ಬ್ರೇಕ್ ಹೋಸ್ ಎಲ್ಲೂ ಬಿಗಿಯಾಗುತ್ತಿಲ್ಲ, ಟೈರಿಗೆ ತಾಗುತ್ತಿಲ್ಲ ಅಂತ ಖಚಿತಪಡಿಸಿಕೊಳ್ಳಿ. ಕಪ್ಲಿಂಗಿನ ಪಿಂಚ್ ಬೋಲ್ಟು ಪಿನಿಯನ್ ಶಾಫ್ಟಿನ ಕಚ್ಚಿನೊಳಗೆ ಕೂತಿದೆಯೇ ಅಂತ ಟಾರ್ಚ್ ಹಿಡಿದು ನೋಡಿ. ಕಚ್ಚು ತಪ್ಪಿದ್ದರೂ ಬೋಲ್ಟು ಬಿಗಿಯಾದಂತೆಯೇ ಇರುತ್ತದೆ, ಕಪ್ಲಿಂಗ್ ಕಳಚುವುದು ಓಡುತ್ತಿರುವಾಗ.